ಬಾತುಕೋಳಿಗೆ ಮೊಟ್ಟೆ ಇಡಲಾಗುತ್ತಿಲ್ಲ: ಮನೆಯಲ್ಲಿ ಏನು ಮಾಡಬಹುದು, ವೈದ್ಯರ ಬಳಿಗೆ ಯಾವಾಗ ಒಯ್ಯಬೇಕು?

ಪ್ರಶ್ನೆ: ತೋಡಿನಮನೆ (ಕುಂದಾಪುರ ತಾಲ್ಲೂಕು)

ನಮ್ಮಲ್ಲಿ ನಾಲ್ಕು ಹೆಣ್ಣು, ಒಂದು ಗಂಡು ಖಾಕಿ ಕ್ಯಾಂಪ್‌ಬೆಲ್ ಬಾತುಕೋಳಿಗಳಿವೆ. ಅವುಗಳಲ್ಲಿ ಮಗಳು ಮಲ್ಲಿ ಎಂದು ಕರೆಯುವ ಒಂದೂವರೆ ವರ್ಷದ ಹೆಣ್ಣು ಕಳೆದ ಮಳೆಗಾಲದಿಂದ ಹೆಚ್ಚುಕಡಿಮೆ ದಿನ ಬಿಡದೆ, ಬೆಳಕು ಹರಿಯುವ ಮೊದಲೇ ಮೊಟ್ಟೆ ಇಡುತ್ತಿತ್ತು. ಮೂರು ದಿನಗಳ ಹಿಂದೆ ಚಿಪ್ಪೇ ಇಲ್ಲದ, ತೊಗಲಿನ ಚೀಲದಂತಹ ಮೊಟ್ಟೆಯೊಂದನ್ನು ಇಟ್ಟಿತು. ಆಮೇಲೆ ಒಂದನ್ನೂ ಇಟ್ಟಿಲ್ಲ. ಇಂದು ಬೆಳಿಗ್ಗೆಯಿಂದ ಗೂಡಿನೊಳಗೆ ಕೂರುವುದು, ಎದ್ದು ಬರುವುದು, ಮತ್ತೆ ಹೋಗುವುದು ನಡೆದೇ ಇದೆ. ಎದೆ ಎತ್ತಿ ನೆಟ್ಟಗೆ ನಿಂತು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತದೆ. ಉಳಿದವು ತೋಡಿಗೆ ಇಳಿದರೂ ಇದು ಇಳಿಯಲಿಲ್ಲ, ಮೇವು ಮುಟ್ಟಲಿಲ್ಲ. ಆಹಾರವೆಂದರೆ ಕುಚ್ಚಲಕ್ಕಿ ಅನ್ನ, ತೌಡು ಮತ್ತು ಗದ್ದೆಯಲ್ಲಿ ಅವೇ ಹುಡುಕಿಕೊಳ್ಳುವ ಹುಳು, ಬಸವನಹುಳು. ಈಗ ಮಾರ್ಚ್ ಆದ್ದರಿಂದ ಗದ್ದೆ ಪೂರ್ತಿ ಒಣಗಿದೆ. ಬೆರಳಿಗೆ ಎಣ್ಣೆ ಹಚ್ಚಿ ಮೊಟ್ಟೆಯನ್ನು ಎಳೆದು ತೆಗೆಯಬೇಕು, ಬಾರದಿದ್ದರೆ ಒಳಗೇ ಒಡೆಯಬೇಕು ಎಂದು ನೆರೆಯವರು ಹೇಳುತ್ತಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ದಯವಿಟ್ಟು ತಿಳಿದವರು ಬೇಗ ಹೇಳಿ.

ಪ್ರತಿಕ್ರಿಯೆ: ಕೆರೆಯಂಚು

ಮೊದಲು ಒಂದು ಮಾತು: ಮೊಟ್ಟೆಯನ್ನು ಎಳೆಯಬೇಡಿ, ಖಂಡಿತವಾಗಿಯೂ ಒಡೆಯಬೇಡಿ. ಬಹಳ ವರ್ಷಗಳ ಹಿಂದೆ, ತಿಳಿಯದೆ, ನಾನು ಅದನ್ನೇ ಮಾಡಿ ಒಂದು ಒಳ್ಳೆಯ ಬಾತನ್ನು ಕಳೆದುಕೊಂಡಿದ್ದೇನೆ. ಒಡೆದ ಚಿಪ್ಪಿನ ಚೂರುಗಳು ಅಂಡನಾಳವನ್ನು ಗೀರಿ, ಗಾಯ ಕೀವುಗಟ್ಟಿ, ನಾಲ್ಕನೆಯ ದಿನ ಅದು ಸತ್ತಿತು.

ಈಗ ಹೀಗೆ ಮಾಡಿ. ಅಗಲವಾದ ಟಬ್ಬಿನಲ್ಲಿ, ಕೈಯಿಟ್ಟರೆ ಹಿತವಾಗಿ ಬೆಚ್ಚಗಿರುವ ನೀರನ್ನು, ಅಂದರೆ 38ರಿಂದ 40 ಡಿಗ್ರಿ ಸೆಲ್ಸಿಯಸ್‌ನಷ್ಟು, ಅದರ ಹೊಟ್ಟೆಯೂ ಹಿಂಭಾಗವೂ ಮುಳುಗುವಷ್ಟು ತುಂಬಿ, ಇಪ್ಪತ್ತು ಇಪ್ಪತ್ತೈದು ನಿಮಿಷ ಅದರಲ್ಲಿ ಬಿಡಿ. ತಣ್ಣಗಾಗುತ್ತಾ ಬಂದಂತೆ ಸ್ವಲ್ಪ ಬಿಸಿನೀರು ಬೆರೆಸಿ, ಆದರೆ ಹಕ್ಕಿಯ ಮೈಮೇಲೆ ಸುರಿಯಬೇಡಿ. ಬೆಚ್ಚನೆಯ ನೀರಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ಭಾರವೂ ನೀರಿಗೆ ಬೀಳುವುದರಿಂದ ಹಕ್ಕಿಗೆ ನೆಮ್ಮದಿ ಸಿಗುತ್ತದೆ. ಬಳಿಕ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೈಹುಲ್ಲು ಹಾಸಿದ, ಬೆಚ್ಚಗಿರುವ, ಮಬ್ಬು ಬೆಳಕಿನ ಮೂಲೆಯಲ್ಲಿ ಒಂಟಿಯಾಗಿ ಬಿಡಿ. ಗಂಡು ಹತ್ತಿರ ಸುಳಿಯಲೇಬಾರದು. ಪದೇಪದೇ ಹೋಗಿ ನೋಡುವ ಆಸೆಯನ್ನೂ ತಡೆದುಕೊಳ್ಳಿ. ಬಾತು ಹೆದರಿದರೆ ಬರುವ ಮೊಟ್ಟೆಯನ್ನೂ ತಡೆಹಿಡಿಯುತ್ತದೆ.

ಪ್ರತಿಕ್ರಿಯೆ: ಮಲೆನಾಡಿನ ಪಶುವೈದ್ಯೆ

ಮೇಲಿನವರು ಹೇಳಿದ್ದು ಸರಿಯಾಗಿದೆ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಎಪ್ಪತ್ತು ಗ್ರಾಂ ತೂಗುವ ಒಂದು ಮೊಟ್ಟೆಯ ಚಿಪ್ಪಿಗೆ 2 ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಬೇಕು. ಗದ್ದೆಯಲ್ಲಿ ನೀರಿರುವ ತನಕ ನಿಮ್ಮ ಬಾತುಗಳು ಬಸವನಹುಳುಗಳನ್ನು ಚಿಪ್ಪುಸಹಿತ ನುಂಗಿ ಅದರ ಒಂದು ಪಾಲನ್ನು ಪಡೆಯುತ್ತಿದ್ದವು. ಗದ್ದೆ ಒಣಗಿದ ಮೇಲೆ ಅದು ನಿಂತಿದೆ, ಮೊಟ್ಟೆ ಇಡುವುದು ಮಾತ್ರ ನಿಂತಿಲ್ಲ. ಅನ್ನದಲ್ಲಿ ಕ್ಯಾಲ್ಸಿಯಂ ಅತ್ಯಲ್ಪ. ತೌಡಿನಲ್ಲಿ ಅದೂ ಕಡಿಮೆ, ರಂಜಕ ಮಾತ್ರ ಹೆಚ್ಚು. ಹೀಗಾಗಿ ಹಕ್ಕಿ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದು ಚಿಪ್ಪು ಕಟ್ಟುತ್ತದೆ, ಅದೂ ಮುಗಿಯುತ್ತಾ ಬಂದಾಗ ತೊಗಲು ಮೊಟ್ಟೆ ಬರುತ್ತದೆ. ಮೊಟ್ಟೆಯನ್ನು ಹೊರತಳ್ಳುವ ಸ್ನಾಯು ಸಂಕುಚಿಸುವುದಕ್ಕೂ ಇದೇ ಕ್ಯಾಲ್ಸಿಯಂ ಬೇಕು. ಮೆತ್ತನೆಯ ಮೊಟ್ಟೆ ಸ್ನಾಯುವಿನ ಹಿಡಿತಕ್ಕೆ ಸಿಗುವುದೂ ಇಲ್ಲ. ಆದ್ದರಿಂದ ಹೊರಗಿನಿಂದ ಮುಟ್ಟಿದಾಗ ಗಟ್ಟಿಯಾದದ್ದೇನೂ ತಗಲಲಿಲ್ಲವೆಂದು ಮೊಟ್ಟೆ ಇಲ್ಲ ಎಂದುಕೊಳ್ಳಬೇಡಿ.

ಸ್ನಾನವನ್ನು ಇನ್ನೊಮ್ಮೆ ಮಾಡಿಸಬಹುದು. ಆದರೆ ಸಂಜೆಯವರೆಗೆ ಮೊಟ್ಟೆ ಬಾರದಿದ್ದರೆ ನಾಳೆಗೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಕಾಲು ಎಳೆಯುವುದು, ಬಾಯಿ ತೆರೆದು ಉಸಿರಾಡುವುದು, ರಕ್ತ ಅಥವಾ ಕೆಂಪು ಮಾಂಸ ಹೊರಗೆ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಈಗಲೇ ಹೊರಡಿ. ಮಾಂಸ ಹೊರಬಂದಿದ್ದರೆ ಅದು ಒಣಗದಂತೆ ಶುದ್ಧ ನೀರಿನಿಂದ ತೇವವಾಗಿಡಿ. ವಾಹನದ ತೊಂದರೆಯಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸೆಯ ಬಗ್ಗೆ ಕೇಳಿ.

ಪ್ರತಿಕ್ರಿಯೆ: ಹಿತ್ತಲು

ನಮ್ಮ ಅಜ್ಜಿ ಎರಡು ಚಮಚ ಹರಳೆಣ್ಣೆ ಕುಡಿಸುತ್ತಿದ್ದರು. ಅದನ್ನೂ ಪ್ರಯತ್ನಿಸಬಹುದಲ್ಲವೇ? ಔಷಧಿ ಅಂಗಡಿಯಲ್ಲಿ ದನಗಳಿಗೆ ಹೆರಿಗೆಯ ಹೊತ್ತಿನಲ್ಲಿ ಕೊಡುವ ಚುಚ್ಚುಮದ್ದೂ ಸಿಗುತ್ತದೆ ಎಂದು ಕೇಳಿದ್ದೇನೆ.

ಪ್ರತಿಕ್ರಿಯೆ: ಮಲೆನಾಡಿನ ಪಶುವೈದ್ಯೆ

ಎರಡೂ ಬೇಡ. ಕುಡಿಸಿದ ಎಣ್ಣೆ ಕರುಳಿಗೆ ಹೋಗುತ್ತದೆ, ಅಂಡನಾಳಕ್ಕಲ್ಲ. ದಣಿದ ಹಕ್ಕಿಗೆ ಬಲವಂತವಾಗಿ ಸುರಿದ ದ್ರವ ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಇದೆ. ಆಕ್ಸಿಟೋಸಿನ್ ಚುಚ್ಚುಮದ್ದಂತೂ ದಾರಿ ತೆರೆದಿದೆಯೇ, ಮೊಟ್ಟೆ ಅಂಟಿಕೊಂಡಿದೆಯೇ ಎಂದು ಪರೀಕ್ಷಿಸದೆ ಕೊಟ್ಟರೆ ನಾಳವನ್ನೇ ಹರಿಯಬಲ್ಲದು. ಹಿರಿಯರ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೆ ಈ ಸಂದರ್ಭದಲ್ಲಿ ಅದು ಹಕ್ಕಿಯನ್ನು ಉಳಿಸುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ತೋಡಿನಮನೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡು ಬಾರಿ ಸ್ನಾನ ಮಾಡಿಸಿದರೂ ಮೊಟ್ಟೆ ಬರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಎಡಗಾಲು ಸ್ವಲ್ಪ ಎಳೆಯತೊಡಗಿದ್ದನ್ನು ಕಂಡು ಬುಟ್ಟಿಯಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ದೆವು. ವೈದ್ಯರು ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟು, ಹೊರಗೆ ಮಾತ್ರ ಜಾರುವ ಮುಲಾಮು ಹಚ್ಚಿ, ಕತ್ತಲ ಕೋಣೆಯಲ್ಲಿ ಬಿಟ್ಟರು. ಒಂದು ಗಂಟೆಯ ಮೇಲೆ, ನಾವು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ, ಮರಳಿನಂತೆ ತರಿತರಿಯಾದ ತೆಳುಚಿಪ್ಪಿನ ಮೊಟ್ಟೆಯೊಂದು ಬಂದಿತು. ಮಗಳು ಅಲ್ಲಿಯವರೆಗೆ ತಡೆದಿದ್ದ ಅಳುವನ್ನು ಆಗ ಅತ್ತಳು.

ಈಗ ಬಳಚಿನ ಚಿಪ್ಪನ್ನು ತೊಳೆದು, ಒಣಗಿಸಿ, ಕುಟ್ಟಿ ಪ್ರತ್ಯೇಕ ಮಡಕೆಯಲ್ಲಿ ಇಟ್ಟಿದ್ದೇನೆ. ಅನ್ನ ತೌಡುಗಳನ್ನು ಕಡಿಮೆ ಮಾಡಿ, ಮೊಟ್ಟೆ ಕೋಳಿಗಳಿಗೆಂದು ಸಿಗುವ ಸಿದ್ಧ ಆಹಾರವನ್ನು ಬೆರೆಸುತ್ತಿದ್ದೇನೆ. ಗಂಡಿಗೂ ಅದೇ ಆಹಾರ ಕೊಡಬಹುದೇ?

ಪ್ರತಿಕ್ರಿಯೆ: ಮಲೆನಾಡಿನ ಪಶುವೈದ್ಯೆ

ಗಂಡಿಗೆ ಅಷ್ಟು ಕ್ಯಾಲ್ಸಿಯಂ ಅಗತ್ಯವಿಲ್ಲ, ದೀರ್ಘಕಾಲ ತಿಂದರೆ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಅದಕ್ಕೆ ಬೇರೆ ಪಾತ್ರೆಯಲ್ಲಿ, ಬೇರೆ ಜಾಗದಲ್ಲಿ ಮೇವು ಹಾಕಿ. ಚಿಪ್ಪಿನ ಮಡಕೆ ಮಾತ್ರ ಎಲ್ಲರ ನಡುವೆ ಇರಲಿ. ಬೇಕಾದ ಹೆಣ್ಣುಗಳು ಅದನ್ನು ತಾವಾಗಿಯೇ ಹೆಕ್ಕುತ್ತವೆ. ಮಲ್ಲಿಯನ್ನು ಇನ್ನೂ ಎರಡು ವಾರ ಗಂಡಿನಿಂದ ದೂರವಿಟ್ಟು, ಕೊಟ್ಟಿಗೆಯ ದೀಪವನ್ನು ಸಂಜೆಯೇ ಆರಿಸಿ. ಬೆಳಕಿನ ಅವಧಿ ಕುಗ್ಗಿದರೆ ಮೊಟ್ಟೆ ಇಡುವುದು ನಿಧಾನವಾಗಿ, ಮೂಳೆ ತುಂಬಿಕೊಳ್ಳಲು ಅದಕ್ಕೆ ಬಿಡುವು ಸಿಗಬಹುದು. ಕಾಲು ಎಳೆಯುವುದು ಪೂರ್ತಿ ನಿಂತಿದೆಯೇ ಎಂದು ತಿಳಿಸಿ.

ಪ್ರಶ್ನೆ ಕೇಳಿದವರಿಂದ: ತೋಡಿನಮನೆ

ನಿಂತಿದೆ. ಇಂದು ಬೆಳಿಗ್ಗೆ ಉಳಿದವುಗಳಿಗಿಂತ ಮೊದಲೇ ತೋಡಿಗೆ ಇಳಿಯಿತು.