‘ಆಯುಧ ಹಿಡಿ’, ‘ಸಂವಾದಿ’, ‘ಪಡಿಯಚ್ಚು’: ಅಮೆರಿಕದ ಬಂದೂಕು ತೀರ್ಪುಗಳ ಪದಗಳ ಬಗ್ಗೆ

ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿಯ ಬಗೆಗಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳ ಬಳಿ ಕೆಲಸ ನಿಂತಿರುವುದರಿಂದ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

1791ರ ಆ ಒಂದೇ ವಾಕ್ಯ, ಆಯುಧಗಳನ್ನು ‘ಕೀಪ್’ ಮಾಡುವ ಮತ್ತು ‘ಬೇರ್’ ಮಾಡುವ ಜನರ ಹಕ್ಕನ್ನು ಹೇಳುತ್ತದೆ. ಮೊದಲನೆಯದಕ್ಕೆ ‘ಇಟ್ಟುಕೊಳ್ಳು’ ಸಾಕು, ತೊಡಕಿರುವುದು ಎರಡನೆಯದರಲ್ಲಿ. ಈ ಹಕ್ಕು ವ್ಯಕ್ತಿಗತವೋ, ಸೈನಿಕ ಸೇವೆಗೆ ಸೀಮಿತವೋ ಎಂಬ ಪ್ರಶ್ನೆ ಎದ್ದ 2008ರ ಹೆಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಐವರ ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ಅದರ ಸಹಜಾರ್ಥ ಒಯ್ಯುವುದೆಂದೂ, ‘ಇಂಥವರ ವಿರುದ್ಧ’ ಎಂಬ ಮಾತು ಬೆನ್ನಿಗಿದ್ದಾಗ ಮಾತ್ರ ನಿಸ್ಸಂದೇಹವಾಗಿ ‘ಯುದ್ಧಮಾಡು’ ಎಂಬ ಅರ್ಥ ಬರುತ್ತದೆಂದೂ ವಾದಿಸಿದರು. ಭಿನ್ನಮತದ ಸ್ಟೀವನ್ಸ್ ಅವರಿಗೆ ಅದು ಸೈನಿಕ ಸೇವೆಯನ್ನು ಸೂಚಿಸುವ ನುಡಿಗಟ್ಟು. ಹೀಗಿರುವಾಗ ನಾನು ‘ಧರಿಸು’ ಎಂದರೆ ಸ್ಕಾಲಿಯಾ ಅವರನ್ನೂ, ‘ಶಸ್ತ್ರವೆತ್ತು’ ಎಂದರೆ ಸ್ಟೀವನ್ಸ್ ಅವರನ್ನೂ ಗೆಲ್ಲಿಸಿದಂತಾಗುತ್ತದೆ. ‘ಹಿಡಿ’ ಎಂಬುದು ಇಬ್ಬರಿಗೂ ಸಲ್ಲುವ ಪದವೆಂದು ನನ್ನ ಎಣಿಕೆ: ‘ಕೋವಿ ಹಿಡಿದು ತೋಟಕ್ಕೆ ಹೋದ’ ಎಂದರೆ ಕೋವಿ ಕೈಯಲ್ಲಿತ್ತು ಎಂದಷ್ಟೇ; ಕುರುಕ್ಷೇತ್ರದಲ್ಲಿ ಶಸ್ತ್ರ ಹಿಡಿಯೆನೆಂದ ಕೃಷ್ಣನ ಮಾತಿಗೆ ಕಾದುವುದಿಲ್ಲವೆಂದೇ ಅರ್ಥ. (ಯಾರ ವಿರುದ್ಧ ಎಂದು ಅವನು ಹೇಳಬೇಕಾಗಲಿಲ್ಲ, ಕನ್ನಡದ ಕಿವಿಗೆ ಸ್ಕಾಲಿಯಾ ಅವರ ವ್ಯಾಕರಣ ಅಷ್ಟೇನೂ ಒಪ್ಪುವುದಿಲ್ಲ.)

ಇನ್ನು ಇತಿಹಾಸದ ಭಾಗ. ಅದೇ ಕೋರ್ಟಿನ 2022ರ ಬ್ರೂಯೆನ್ ತೀರ್ಪಿನ ಪ್ರಕಾರ, ಒಬ್ಬನ ನಡೆ ತಿದ್ದುಪಡಿಯ ಪಠ್ಯದ ವ್ಯಾಪ್ತಿಗೆ ಬಂದರೆ, ಅದನ್ನು ನಿರ್ಬಂಧಿಸುವ ಕಾನೂನು ಆ ದೇಶದ ಬಂದೂಕು ನಿಯಂತ್ರಣದ ಪರಂಪರೆಗೆ ಹೊಂದುತ್ತದೆಂದು ಸರ್ಕಾರವೇ ತೋರಿಸಬೇಕು. ಸಾರ್ವಜನಿಕ ಹಿತವನ್ನು ತಕ್ಕಡಿಗೆ ಹಾಕಿದರೆ ಸಾಲದು. ಹಾಗೆ ತೋರಿಸಲು ಬೇಕಾದದ್ದು ‘ಹಿಸ್ಟಾರಿಕಲ್ ಅನಲಾಗ್’ (ಹೋಲಿಕೆಯುಳ್ಳ ಹಳೆಯ ಕಾನೂನು), ‘ಟ್ವಿನ್’ ಅಲ್ಲ ಎಂದು ನ್ಯಾಯಮೂರ್ತಿ ಥಾಮಸ್ ಬರೆದರು. ಮೊದಲನೆಯದನ್ನು ‘ಪೂರ್ವನಿದರ್ಶನ’ ಎನ್ನಲು ಮನಸ್ಸಾಯಿತು, ಆದರೆ ನಮ್ಮ ಕಾನೂನಿನ ಭಾಷೆಯಲ್ಲಿ ಅದು ಹಿಂದಿನ ತೀರ್ಪಿಗೆ ಮೀಸಲು. ಇಲ್ಲಿರುವುದು ಹಿಂದಿನ ಶಾಸನ. ಆದ್ದರಿಂದ ‘ಸಂವಾದಿ ಕಾನೂನು’ ಎಂದಿಟ್ಟಿದ್ದೇನೆ. ‘ಟ್ವಿನ್’ಗೆ ‘ಅವಳಿ’ ಒಗ್ಗಲಿಲ್ಲ. ಅವಳಿಗಳು ಒಟ್ಟಿಗೆ ಹುಟ್ಟುತ್ತವೆ, ಈ ಕಾನೂನುಗಳ ನಡುವೆ ಇನ್ನೂರು ವರ್ಷದ ಅಂತರವಿದೆ. ‘ಪಡಿಯಚ್ಚು’ ವಾಸಿ.

ಈ ಭೇದದ ಮೇಲೆಯೇ 2024ರ ರಹೀಮಿ ಪ್ರಕರಣ ನಿಂತಿತು. ಸಂಗಾತಿಯ ಮೇಲಿನ ಹಿಂಸೆಗಾಗಿ ನ್ಯಾಯಾಲಯದ ತಡೆಯಾಜ್ಞೆಗೆ ಒಳಗಾದವನು ಬಂದೂಕು ಇಟ್ಟುಕೊಳ್ಳಬಾರದೆಂಬ ಕಾನೂನಿಗೆ ಹದಿನೆಂಟನೆಯ ಶತಮಾನದಲ್ಲಿ ಪಡಿಯಚ್ಚು ಇರಲಿಲ್ಲ. ಆದರೆ ಹಿಂಸೆಗಿಳಿಯಬಹುದೆಂಬ ಶಂಕೆಯಿದ್ದವನಿಂದ ಜಾಮೀನು ಬರೆಸಿಕೊಳ್ಳುವ ಕಾನೂನುಗಳೂ, ಆಯುಧ ತೋರಿಸಿ ಜನರನ್ನು ಹೆದರಿಸುವುದನ್ನು ದಂಡಿಸುವ ಕಾನೂನುಗಳೂ ಇದ್ದವು. ಇವೆರಡರ ತತ್ವ ಸಾಕೆಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅವರೂ ಸೇರಿ ಎಂಟು ಮಂದಿ ಒಪ್ಪಿದರು. ಒಪ್ಪದೆ ಉಳಿದವರು ಥಾಮಸ್ ಒಬ್ಬರೇ. ‘ಸಂವಾದಿ’ ಎಂಬ ಪದ ಎಷ್ಟು ಸಡಿಲ, ಎಷ್ಟು ಬಿಗಿ ಇರಬೇಕೆಂಬ ನನ್ನ ಪ್ರಶ್ನೆ ಆ ಪದ ಬಳಸಿದವರ ನಡುವೆಯೂ ಇತ್ಯರ್ಥವಾಗಿಲ್ಲ ಎಂದಾಯಿತು.

ಇನ್ನೊಂದು ವಿನಂತಿ ಕೊಡಗಿನವರಿಗೆ. ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಹಿಡುವಳಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದಿರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿನ ಕನ್ನಡ ಕಾಗದಪತ್ರಗಳಲ್ಲಿ ಕೋವಿಯನ್ನು ‘ಹೊಂದುವುದು’ ಮತ್ತು ‘ಒಯ್ಯುವುದು’ ಬೇರೆಬೇರೆಯಾಗಿ ಬರುತ್ತವೆಯೇ? ಮಾತಿನಲ್ಲಿ ‘ಹಿಡಿ’ ಇದೆಯೇ, ಅಥವಾ ಹೆಗಲಿಗೇರುವ ವಸ್ತುವಾದ್ದರಿಂದ ಬೇರೊಂದು ಕ್ರಿಯಾಪದವೇ?