ಚರ್ಚ್‌ನ ಮಕ್ಕಳ ಕೋಣೆಗೆ ಯಾವ ಲೈಟ್ ಹಾಕಿಸಬೇಕು?

ಪ್ರಶ್ನೆ:
ನಮಸ್ಕಾರ. ನಮ್ಮದು ಉಡುಪಿ ಕಡೆಯ ಹಳೇ ಬಾಸೆಲ್ ಮಿಷನ್ ಚರ್ಚ್. ಭಾನುವಾರ ಆರಾಧನೆ ನಡೆಯುವಾಗ ಪಕ್ಕದ ಕೋಣೆಯಲ್ಲಿ ಸಣ್ಣ ಮಕ್ಕಳನ್ನು ನಾವು ಮೂವರು ಸೇರಿ ನೋಡಿಕೊಳ್ಳುತ್ತೇವೆ. ಆರು ತಿಂಗಳ ಕೂಸಿನಿಂದ ಹಿಡಿದು ನಾಲ್ಕು ವರ್ಷದವರು, ಹತ್ತು ಹನ್ನೆರಡು ಜನ. ಕೋಣೆ 16×14 ಅಡಿ. ಹೆಂಚಿನ ಮಾಡು, ಸೀಲಿಂಗ್ ಇಲ್ಲ. ಚೋಕ್ ಇರುವ ನಾಲ್ಕು ಹಳೇ ಟ್ಯೂಬ್‌ಲೈಟ್ ಇವೆ. ಅದರಲ್ಲಿ ಒಂದು ಸದಾ ಮಿಣಮಿಣ ಅನ್ನುತ್ತದೆ. ಕರೆಂಟ್ ಉಳಿಯುವಂಥದ್ದು ಹಾಕಿ ಅಂತ ಕಮಿಟಿಯವರು ಹೇಳಿದ್ದಾರೆ. ಅಂಗಡಿಯಲ್ಲಿ 6500 ಕೆಲ್ವಿನ್ ಅಂತ ಬೆಳ್ಳನೆಯದು ತೋರಿಸಿದರು. ಯಾವುದು ತಗೊಳ್ಳಲಿ?

ಉತ್ತರ (ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್):
ಅಕ್ಕ, ಮೊದಲು ಕರೆಂಟಿನ ಲೆಕ್ಕ ಮುಗಿಸಿಬಿಡೋಣ. 36 ವಾಟ್ ಟ್ಯೂಬ್, ಅದರ ಚೋಕ್ ತಿನ್ನುವ 12 ವಾಟ್, ಒಟ್ಟು 48. ನಾಲ್ಕಕ್ಕೆ 192. ವಾರಕ್ಕೆ ಮೂರು ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 30 ಯೂನಿಟ್. 20 ವಾಟ್‌ನ ನಾಲ್ಕು ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥ ಉದ್ದನೆಯ ಲೈಟ್) ಹಾಕಿದರೆ ಹನ್ನೆರಡೂವರೆ. ಯೂನಿಟ್‌ಗೆ ಎಂಟು ರೂಪಾಯಿ ಇಟ್ಟುಕೊಂಡರೂ ವರ್ಷಕ್ಕೆ ಉಳಿಯುವುದು 140 ರೂಪಾಯಿ. ಬಿಲ್ಲಿಗೋಸ್ಕರ ಈ ಕೋಣೆಯ ಲೈಟ್ ಬದಲಿಸುವುದರಲ್ಲಿ ಅರ್ಥವಿಲ್ಲ. ಮಕ್ಕಳ ಕಣ್ಣಿಗೋಸ್ಕರ ಬದಲಿಸಿ.

ಕಮಿಟಿಯವರಿಗೆ ನಿಜವಾಗಿ ಉಳಿಸಬೇಕೆಂದಿದ್ದರೆ ಚರ್ಚ್ ಎದುರಿನ ಲೈಟ್ ನೋಡಲಿ. ಎಷ್ಟೋ ಕಡೆ ಈಗಲೂ 500 ವಾಟ್ ಹ್ಯಾಲೊಜೆನ್ ಇರುತ್ತದೆ. ದಿನಕ್ಕೆ ನಾಲ್ಕು ಗಂಟೆ ಅಂದರೆ ವರ್ಷಕ್ಕೆ 730 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 100 ವಾಟ್ ಎಲ್‌ಇಡಿ ಫ್ಲಡ್‌ಲೈಟ್‌ಗೆ 146 ಸಾಕು.

ಈಗ ನಿಮ್ಮ ಕೋಣೆಗೆ ಬರೋಣ. ಒಂದು ಕೆಲಸ ಮಾಡಿ. ಲೈಟ್ ಎಲ್ಲ ಹಾಕಿ, ಕೂಸು ಮಲಗುವ ಚಾಪೆಯ ಮೇಲೆ ನೀವೇ ಎರಡು ನಿಮಿಷ ಅಂಗಾತ ಮಲಗಿ. ನಾವು ನಿಂತು ನೋಡುತ್ತೇವೆ, ಲೈಟ್ ತಲೆಯ ಮೇಲೆ ಎಲ್ಲೋ ಇರುತ್ತದೆ. ಕೂಸಿಗೆ ಅದು ನೇರ ಕಣ್ಣೆದುರು. ಮಗ್ಗುಲು ಹೊರಳಲು ಬಾರದ ಕೂಸು ಎಲ್ಲಿಗೆ ತಿರುಗೀತು ಹೇಳಿ?

ಸೀಲಿಂಗ್ ಇರುವ ಮನೆಯಲ್ಲಾದರೆ ಬೆಳಕನ್ನು ಮೇಲಕ್ಕೆ ಬಿಟ್ಟು ಅಲ್ಲಿಂದ ಬೀಳಿಸಿ ಅನ್ನುತ್ತಿದ್ದೆ. ಹೆಂಚಿನ ಮಾಡಿನಲ್ಲಿ ಆಗುವುದಿಲ್ಲ, ಪಕ್ಕಾಸು ಹೆಂಚು ಎರಡೂ ಬೆಳಕನ್ನು ನುಂಗುತ್ತವೆ. ಹಾಗಾಗಿ ಬ್ಯಾಟನ್‌ಗಳನ್ನು ನಡುಮಾಡಿನಿಂದ ಇಳಿಬಿಡದೆ ಗೋಡೆಯ ಮೇಲ್ಭಾಗಕ್ಕೆ ಹಾಕಿಸಿ, ಒಂದೊಂದು ಗೋಡೆಗೆ ಒಂದೊಂದು. ಹಾಲು ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಇರಲಿ, ಒಳಗಿನ ಚುಕ್ಕಿಗಳು ಕಾಣಬಾರದು. ಗೋಡೆಗೆ ಬಿಳಿ ಬಣ್ಣ ಹೊಡೆಸಿದರೆ ಅರ್ಧ ಕೆಲಸ ಆಯಿತು. ಎರಡೆರಡಕ್ಕೆ ಒಂದು ಸ್ವಿಚ್, ಕೂಸುಗಳು ಮಲಗುವ ಮೂಲೆಗೆ ಬೇರೆಯೇ ಒಂದು 5 ವಾಟ್‌ನ ಹಳದಿ ಬಲ್ಬು. ಬೆಳಕು ಏರಿಳಿಸುವ ಡಿಮ್ಮರ್ ಬೇಡ. ಅದಕ್ಕೆ ಹೊಂದುವ ಲೈಟೇ ಆಗಬೇಕು, ಇಲ್ಲದಿದ್ದರೆ ಮತ್ತೆ ಮಿಣಮಿಣ.

6500 ಬೇಡ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. ಅದು ಅಂಗಡಿ ಕೌಂಟರಿಗೆ ಸರಿ. ಆಟದ ಜಾಗಕ್ಕೆ 4000, ಮಲಗುವ ಮೂಲೆಗೆ 2700 ಅಥವಾ 3000. ಬಟ್ಟೆ ಬದಲಿಸುವ ಮೇಜಿನ ಹತ್ತಿರದ ಬ್ಯಾಟನ್ ಮಾತ್ರ ಸಿಆರ್‌ಐ 90 ಇರುವುದು ತನ್ನಿ. ಸಿಆರ್‌ಐ ಅಂದರೆ ಬಣ್ಣ ಇದ್ದಹಾಗೆ ಕಾಣಿಸುವ ಗುಣ. ಕೂಸಿನ ಮೈ ಕೆಂಪಾಗಿದೆಯಾ, ಗುಳ್ಳೆ ಎದ್ದಿದೆಯಾ ಅನ್ನುವುದು ಕಳಪೆ ಬೆಳಕಿನಲ್ಲಿ ಗೊತ್ತೇ ಆಗುವುದಿಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಹಾಕಿಸಿ, ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿ. ಕಪ್ಪು ಪಟ್ಟೆ ಓಡಿದರೆ ಅಥವಾ ಬೆಳಕು ಪಟಪಟ ಬಡಿದರೆ ವಾಪಸ್ ಕೊಡಿ. ನಮ್ಮ ಕರೆಂಟ್ 50 ಹರ್ಟ್ಸ್. ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಒಳಗಿನ ಡ್ರೈವರ್ ಕಳಪೆಯಾದರೆ ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ.

ಇನ್ನೊಂದು ಮಾತು. ಹಳೇ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಚೋಕನ್ನೂ ತೆಗೆಯದೆ, ವೈರನ್ನೂ ಬದಲಿಸದೆ ಸಿಕ್ಕಿಸಿದ್ದನ್ನು ನಾನು ತುಂಬಾ ನೋಡಿದ್ದೇನೆ, ಅದು ಅಪಾಯ. ಪಟ್ಟಿಯನ್ನೇ ತೆಗೆಸಿ. ಹಳೇ ಟ್ಯೂಬ್ ಒಡೆಯದಂತೆ ಇಳಿಸಿ, ಒಳಗೆ ಪಾದರಸ ಇರುತ್ತದೆ. ಒಡೆದರೆ ಕಿಟಕಿ ತೆರೆದು ಮಕ್ಕಳನ್ನು ಹೊರಗೆ ಕಳಿಸಿ. ಪೊರಕೆ ಹಾಕಬೇಡಿ, ರಟ್ಟಿನಿಂದ ಬಾಚಿ, ಉಳಿದ ಪುಡಿಯನ್ನು ಟೇಪಿಗೆ ಅಂಟಿಸಿ ತೆಗೆಯಿರಿ. ವೈರಿಂಗ್ ಮುಟ್ಟುವಾಗಲೇ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ.

ಇನ್ನೊಬ್ಬ ಸದಸ್ಯರು:
ನಮ್ಮ ಬಾಲವಾಡಿಯಲ್ಲಿ ಬಣ್ಣ ಬದಲಿಸುವ ಎಲ್‌ಇಡಿ ಸ್ಟ್ರಿಪ್ ಹಾಕಿದ್ದೇವೆ, ರಿಮೋಟ್ ಇದೆ. ಮಕ್ಕಳಿಗೆ ತುಂಬಾ ಖುಷಿ. ಅದನ್ನೂ ಹಾಕಬಹುದಲ್ವಾ ಸರ್? ಯಾರೂ ಇಲ್ಲದಾಗ ಆಫ್ ಆಗುವ ಸೆನ್ಸರ್ ಕೂಡ ಸಿಗುತ್ತದೆ.

ಉತ್ತರ:
ಸ್ಟ್ರಿಪ್ ಪರವಾಗಿಲ್ಲ, ನನ್ನ ಭಯ ಆ ರಿಮೋಟ್. ಅಂಥ ತೆಳ್ಳಗಿನ ರಿಮೋಟ್‌ನಲ್ಲಿ ಗುಂಡಿಯಂಥ ಬ್ಯಾಟರಿ ಇರುತ್ತದೆ. ಅದರ ಮುಚ್ಚಳ ಉಗುರಿನಲ್ಲಿ ಎಳೆದರೆ ಬರುತ್ತದೆ. ಮಗು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಸೀದಾ ಆಸ್ಪತ್ರೆಗೆ ಓಡಿ. ಗೋಡೆ ಸ್ವಿಚ್ಚಿನಲ್ಲೇ ನಡೆಯುವ ಸ್ಟ್ರಿಪ್ ಇದ್ದರೆ ಹಾಕಿ. ಇವತ್ತೇ ಆ ರಿಮೋಟ್ ಎತ್ತಿಡಿ.

ಸೆನ್ಸರ್ ಬಚ್ಚಲಿಗೆ, ಸ್ಟೋರ್ ರೂಮಿಗೆ ಒಳ್ಳೆಯದು. ಮಲಗಿದ ಮಕ್ಕಳು ಅಲುಗಾಡುವುದಿಲ್ಲ, ಲೈಟ್ ಆರುತ್ತದೆ. ಒಬ್ಬ ಕಾಲು ಝಾಡಿಸಿದರೆ ಭಗ್ಗನೆ ಹತ್ತುತ್ತದೆ, ಹತ್ತೂ ಮಕ್ಕಳು ಎದ್ದು ಅಳುತ್ತಾರೆ.

ಪ್ರಶ್ನೆ ಕೇಳಿದವರು:
ಸರ್, ಈ ಭಾನುವಾರ ಮಕ್ಕಳು ಬರುವ ಮೊದಲು ಚಾಪೆಯಲ್ಲಿ ಮಲಗಿ ನೋಡಿದೆ. ಸಭಾಪಾಲಕರು ಬಾಗಿಲಲ್ಲಿ ನಿಂತು "ಹುಷಾರಿಲ್ವಾ?" ಅಂತ ಕೇಳಿದರು! ಆ ಮಿಣಮಿಣ ಟ್ಯೂಬ್ ಸರಿಯಾಗಿ ಕೂಸಿನ ಮುಖದ ಮೇಲೇ ಇದೆ. ಇನ್ನೊಂದೂ ಕಂಡಿತು. ಮಾಡಿನಲ್ಲಿ ಎರಡು ಗಾಜಿನ ಹೆಂಚು ಇವೆ, ಪಾಚಿ ಹಿಡಿದು ಕಪ್ಪಾಗಿವೆ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಉತ್ತರ:
ನೋಡಿ, 1865ರಲ್ಲೇ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮಿಷನ್‌ನ ಚರ್ಚ್ ನಿಮ್ಮದು, ಮಾಡು ನೋಡಿ ಅಂತ ನಾನೇ ಮೊದಲು ಹೇಳಬೇಕಿತ್ತು! ಹೆಂಚು ಕೆಲಸದವರನ್ನು ಕರೆದು ಅವೆರಡನ್ನು ತೊಳೆಸಿ. ಬಿಸಿಲು ನೇರ ಚಾಪೆಗೆ ಬೀಳುತ್ತದೆಯಾ ಅಂತ ಒಂದು ಭಾನುವಾರ ನೋಡಿ, ಬಿದ್ದರೆ ಚಾಪೆಯ ಜಾಗ ಬದಲಿಸಿ. ನಾಲ್ಕು ಬ್ಯಾಟನ್ ಬೇಕಾ, ಎರಡು ಸಾಕಾ ಅನ್ನುವುದನ್ನು ಆಮೇಲೆ ನೋಡೋಣ. ಮಳೆಗಾಲದ ಕತ್ತಲೆಗೆ ಎರಡಂತೂ ಬೇಕೇ ಬೇಕು.