ಲೂಸಿಯಾ ಹ್ಯಾರಿಸ್: ಎನ್‌ಬಿಎ ಡ್ರಾಫ್ಟ್ ಬಿಟ್ಟರೆ ಬೇರೇನೂ ಇಲ್ವಾ?

ಬೆಂಚ್‌ಪ್ಲೇಯರ್:
ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಲೂಸಿಯಾ ಹ್ಯಾರಿಸ್ ಬಗ್ಗೆ ಎಲ್ಲಿ ನೋಡಿದರೂ ಒಂದೇ ಕಥೆ. 1977ರಲ್ಲಿ ನ್ಯೂ ಆರ್ಲಿಯನ್ಸ್ ಜಾಝ್ ತಂಡ ಅವರನ್ನು ಎನ್‌ಬಿಎ ಡ್ರಾಫ್ಟ್‌ನಲ್ಲಿ (ಗಂಡಸರ ಪ್ರೊಫೆಷನಲ್ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸೋದು) ಆರಿಸಿತು, ಅವರು ಹೋಗಲಿಲ್ಲ. ಅದೂ 7ನೇ ಸುತ್ತಿನಲ್ಲಿ, 137ನೆಯವರಾಗಿ. ಸುಮ್ನೆ ಪ್ರಚಾರಕ್ಕೆ ಮಾಡಿದ್ದು ಅನ್ಸುತ್ತೆ. ನಿಜಕ್ಕೂ ಅಷ್ಟು ದೊಡ್ಡ ಆಟಗಾರ್ತಿನಾ? ಹೋಗಲಿಲ್ಲ ಯಾಕೆ?

ಪೋಸ್ಟ್‌ಅಪ್:
ಪ್ರಚಾರದ ಆಸೆ ಇತ್ತೇನೋ, ಇರಲಿ. ಆಟ ಮಾತ್ರ ದೊಡ್ಡದೇ. ಡೆಲ್ಟಾ ಸ್ಟೇಟ್ ಅಂದ್ರೆ ಮಿಸಿಸಿಪ್ಪಿಯ ಒಂದು ಚಿಕ್ಕ ಕಾಲೇಜು. 1975, 76, 77 ಮೂರೂ ವರ್ಷ ಅದು ರಾಷ್ಟ್ರೀಯ ಚಾಂಪಿಯನ್ ಆಯಿತು, ಮುಖ್ಯ ಕಾರಣ ಇವರೇ. ಮೊದಲ ಫೈನಲ್‌ನಲ್ಲಿ ಇವರ ಕೈಲಿ ಸೋತದ್ದು ಇಮ್ಯಾಕ್ಯುಲೇಟಾ, ಅದಕ್ಕೆ ಮುಂಚೆ ಸತತ ಮೂರು ಸಲ ಗೆದ್ದಿದ್ದ ತಂಡ! ಎತ್ತರ 6 ಅಡಿ 3 ಇಂಚು. ಬಾಸ್ಕೆಟ್ ಹತ್ತಿರ ಬೆನ್ನು ಕೊಟ್ಟು ನಿಲ್ಲೋದು, ಬಾಲ್ ಕೈಗೆ ಬಂದ ಕೂಡಲೇ ತಿರುಗಿ ಹಾಕೋದು, ಬೀಳದೆ ಬಾಲ್ ವಾಪಸ್ ಚಿಮ್ಮಿದರೆ ಅದನ್ನು ಹಿಡಿಯೋದು, ಅಂದ್ರೆ ರಿಬೌಂಡೂ ಅವರದೇ. ಪಂದ್ಯಕ್ಕೆ ಸರಾಸರಿ 25.9 ಪಾಯಿಂಟ್, 14.5 ರಿಬೌಂಡ್.

ಒಲಿಂಪಿಕ್ಸ್‌ಗೆ ಹೆಂಗಸರ ಬಾಸ್ಕೆಟ್‌ಬಾಲ್ ಬಂದದ್ದೇ 1976ರ ಮಾಂಟ್ರಿಯಲ್‌ನಲ್ಲಿ. ಅಲ್ಲಿ ಮೊಟ್ಟಮೊದಲ ಬಾಸ್ಕೆಟ್ ಹಾಕಿದವರು ಇವರು. ಆ ಪಂದ್ಯವನ್ನು ಅಮೆರಿಕ ಜಪಾನ್‌ಗೆ ಸೋತಿತು ಅನ್ನೋದು ಬೇರೆ ಮಾತು. ಕೊನೆಗೆ ಬೆಳ್ಳಿ ಬಂತು.

ಹಾಫ್‌ಕೋರ್ಟ್:
ಎನ್‌ಬಿಎಗೆ ಯಾಕೆ ಹೋಗಲಿಲ್ಲ ಅಂದ್ರೆ, ಡ್ರಾಫ್ಟ್ ಆದಾಗ ಅವರು ಗರ್ಭಿಣಿ. ಅದೂ ಅಲ್ಲದೆ ಗಂಡಸರ ಜೊತೆ ಆಡೋ ಮನಸ್ಸೇ ಅವರಿಗೆ ಇರಲಿಲ್ಲ.

ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಕಾಲೇಜು ಮುಗಿದಾಗ ವಯಸ್ಸು 22, ಒಳ್ಳೇ ಫಾರ್ಮ್, ಆಡೋಕೆ ಜಾಗವೇ ಇಲ್ಲ. ಅಮೆರಿಕದಲ್ಲಿ ಹೆಂಗಸರ ಪ್ರೊಫೆಷನಲ್ ಲೀಗ್ ಶುರುವಾಗಿದ್ದು 1978ಕ್ಕೆ. ಅದರಲ್ಲಿ ಹ್ಯೂಸ್ಟನ್ ಏಂಜಲ್ಸ್‌ಗೆ ಸ್ವಲ್ಪ ದಿನ ಆಡಿದರು, ಆ ಲೀಗೂ ಮೂರೇ ಸೀಸನ್‌ಗೆ ಮುಚ್ಚಿಹೋಯಿತು. ಹೆಂಗಸರ ಈಗಿನ ದೊಡ್ಡ ಲೀಗ್ ಡಬ್ಲ್ಯೂಎನ್‌ಬಿಎ ಬಂದದ್ದು 1997ರಲ್ಲಿ. ಅಷ್ಟೊತ್ತಿಗೆ ಇವರು ಶಾಲೆಯಲ್ಲಿ ಪಾಠ ಹೇಳ್ತಾ, ಕೋಚ್ ಮಾಡ್ತಾ, ಬೈಪೋಲಾರ್ ಕಾಯಿಲೆ ಜೊತೆ ಏಗ್ತಾ ಇದ್ದರು. ಮಲ್ಕೋ ಅಂತ ಅಮ್ಮ ಗದರಿದರೆ ತಲೆಗೂ ಟಿವಿಗೂ ಸೇರಿಸಿ ಕೌದಿ ಹೊದ್ದು ಎನ್‌ಬಿಎ ತಾರೆ ಆಸ್ಕರ್ ರಾಬರ್ಟ್‌ಸನ್ ಆಟ ನೋಡ್ತಿದ್ದ ಹುಡುಗಿ ಇವರು. ಆ ಹುಚ್ಚಿಗೆ ಸಿಕ್ಕಿದ್ದು ನಾಲ್ಕು ವರ್ಷದ ಕಾಲೇಜು ಆಟ, ಒಂದು ಒಲಿಂಪಿಕ್ಸ್.

ಬೆಂಚ್‌ಪ್ಲೇಯರ್:
ಇದ್ಯಾವುದೂ ಗೊತ್ತಿರಲಿಲ್ಲ, ಥ್ಯಾಂಕ್ಸ್. ಬಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿ ಹಾಲ್ ಆಫ್ ಫೇಮ್‌ಗಾದ್ರೂ ಸೇರಿಸಿದ್ರಾ? ಆಮೇಲೆ ಬಂದ ಅಮೆರಿಕದ ತಾರೆ ಚೆರಿಲ್ ಮಿಲ್ಲರ್‌ಗಿಂತ ದೊಡ್ಡವರು ಅಂತೀರಾ?

ಪೋಸ್ಟ್‌ಅಪ್:
ಸೇರಿಸಿದ್ರು, 1992ರಲ್ಲಿ. ಅಲ್ಲಿಗೆ ಹೋದ ಮೊದಲ ಆಟಗಾರ್ತಿಯರು ಅಂದ್ರೆ ಇವರು ಮತ್ತು ನೇರಾ ವೈಟ್. 2022ರ ಜನವರಿಯಲ್ಲಿ ತೀರಿಕೊಂಡರು. ಎರಡು ತಿಂಗಳಿಗೆ ಅವರ ಮೇಲಿನ ಕಿರುಚಿತ್ರಕ್ಕೆ ಆಸ್ಕರ್ ಬಂತು, ಅವರೇ ಕೂತು ನಗ್ತಾ ಮಾತಾಡಿದ್ದಾರೆ, ಹುಡುಕಿ ನೋಡಿ.

ಮಿಲ್ಲರ್ ವಿಷಯ: ಒಬ್ಬರನ್ನೇ ಆರಿಸು ಅಂದ್ರೆ ನಾನು ಮಿಲ್ಲರ್ ಅಂತೀನಿ, ಅವರು ಕೋರ್ಟ್‌ನ ಯಾವ ಮೂಲೆಯಲ್ಲಾದರೂ ಆಡಬಲ್ಲವರು. ಹಾಫ್‌ಕೋರ್ಟ್ ಒಪ್ಪಲ್ಲ, ಗೊತ್ತು.